ಸಣ್ಣ ಕಂಪನಿ ಯೂನಿವರ್ಸಿಟಿ ಜೊತೆ ಕೆಲಸ ಮಾಡೋಕೆ ಸರ್ಕಾರ ಕೊಡೋ ಸಣ್ಣ ಗ್ರಾಂಟ್‌ನಿಂದ ನಿಜಕ್ಕೂ ಉಪಯೋಗ ಇದ್ಯಾ?

ಇದೆ, ಅದಕ್ಕೆ ಒಳ್ಳೆ ಸಾಕ್ಷಿ ನೆದರ್‌ಲ್ಯಾಂಡ್ಸ್‌ದು. 2004ರಲ್ಲಿ ಅಲ್ಲಿನ ಸರ್ಕಾರ ಸಣ್ಣ, ಮಧ್ಯಮ ಕಂಪನಿಗಳಿಗೆ ತಲಾ 7,500 ಯೂರೋವರೆಗಿನ 100 ಇನ್ನೋವೇಶನ್ ವೋಚರ್ ಕೊಡ್ತು. ಕಂಪನಿ ಕೈಗೆ ಕ್ಯಾಶ್ ಬರಲ್ಲ, ತನ್ನ ಪ್ರಶ್ನೆ ತಗೊಂಡು ಯೂನಿವರ್ಸಿಟಿಗೋ ಸಂಶೋಧನಾ ಸಂಸ್ಥೆಗೋ ಹೋಗ್ಬೇಕು, ಅವ್ರು ಕೆಲಸ ಮುಗಿಸಿ ವೋಚರ್ ತೋರಿಸಿ ಸರ್ಕಾರದಿಂದ ದುಡ್ಡು ತಗೋತಾರೆ. ಇದು ನಂಗೆ ತುಂಬಾ ಇಷ್ಟ ಆದ ವಿಷ್ಯ, ಯಾಕಂದ್ರೆ ಪ್ರಶ್ನೆ ಯಾವುದು, ಯಾರ ಹತ್ರ ಕೇಳ್ಬೇಕು ಅನ್ನೋದನ್ನ ಕಂಪನಿನೇ ತೀರ್ಮಾನ ಮಾಡುತ್ತೆ, ಪ್ರೊಫೆಸರ್‌ಗೂ ಇದು ಬಿಟ್ಟಿ ಕೆಲಸ ಅನ್ಸಲ್ಲ.

ಅರ್ಜಿ ಸಾವಿರ ದಾಟಿದ್ವು, ಅದಕ್ಕೆ ಲಾಟರಿ ಎತ್ತಿದ್ರು. ಹಾಗಾಗಿ ವೋಚರ್ ಸಿಕ್ಕಿದವ್ರನ್ನೂ ಸಿಗದವ್ರನ್ನೂ ಆಮೇಲೆ ಹೋಲಿಸಿ ನೋಡೋಕಾಯ್ತು, ಡಚ್ ಸರ್ಕಾರದ ಆರ್ಥಿಕ ವಿಶ್ಲೇಷಣಾ ಸಂಸ್ಥೆ ಸಿಪಿಬಿ ನೋಡಿದಾಗ ಹತ್ತರಲ್ಲಿ ಸುಮಾರು ಎಂಟು ವೋಚರ್‌ನ ಕೆಲಸ, ವೋಚರ್ ಇಲ್ದಿದ್ರೆ ಯೂನಿವರ್ಸಿಟಿ ಬಾಗಿಲಿಗೆ ಬರ್ತಾನೇ ಇರ್ಲಿಲ್ಲ ಅಂತ ಗೊತ್ತಾಯ್ತು. ಸಬ್ಸಿಡಿ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ಸಿಗೋದೇ ಅಪರೂಪ.

ಆಮೇಲೆ ಐರ್ಲೆಂಡ್ ಸೇರಿ ಬೇರೆ ದೇಶಗಳೂ ಇದೇ ದಾರಿ ಹಿಡಿದ್ವು.

ಆದ್ರೆ ಈ ಮೊತ್ತದಲ್ಲಿ ಹೊಸ ಪ್ರಾಡಕ್ಟ್ ಪೂರ್ತಿ ತಯಾರಾಗುತ್ತೆ ಅಂತ ಕಾಯಬೇಡಿ, ಒಂದು ಟೆಸ್ಟಿಂಗ್, ಒಂದು ಮೆಟೀರಿಯಲ್ ಯಾಕೆ ಬಿರುಕು ಬಿಡ್ತಿದೆ ಅನ್ನೋ ಥರದ ಪ್ರಶ್ನೆಗೆ ಸಾಕು. ಅರ್ಜಿ ಹಾಕೋರು ಮೊದ್ಲು ಪ್ರಶ್ನೆನ ಎರಡೇ ವಾಕ್ಯದಲ್ಲಿ ಬರೀರಿ, ರಿಸಲ್ಟ್ ಯಾರದ್ದು ಅನ್ನೋದನ್ನೂ ಕೆಲಸ ಶುರು ಮಾಡೋಕ್ ಮುಂಚೆನೇ ಬರಹದಲ್ಲಿ ಮಾಡ್ಕೊಳ್ಳಿ.