ಪೇಂಟ್ ಮುಟ್ಟಬೇಡಿ, ಸೀಟ್ ಕಂಬಿ ಬಿಡಿಸಿ

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಹಳೆಯ ಸ್ಟೀಲ್ ಸೈಕಲ್ ವರ್ಷಗಳಿಂದ ಮೂಲೆ ಸೇರಿದೆ. ಮನೆಯಲ್ಲೇ ಸರಿಮಾಡಿ, ಗೇರ್ ಇರುವ ಹಿಂದಿನ ಚಕ್ರ ಹಾಕುವಾಸೆ. ಸೀಟ್ ಕಂಬಿ ಅಲುಗುತ್ತಲೇ ಇಲ್ಲ. ಪೇಂಟ್ ಕೆರೆದು ಹೊಸದು ಹೊಡೆಯಲೇ?

ಉತ್ತರ: ದಯವಿಟ್ಟು ಬೇಡ. ನಿಮ್ಮಪ್ಪನ ಕಾಲು ತಾಗಿ ಸವೆದ ಬಣ್ಣ ಅದು, ಮತ್ತೆ ಸಿಗುವುದಿಲ್ಲ. ತುಕ್ಕು ಎದ್ದ ಕಡೆ ಮಾತ್ರ ಉಜ್ಜಿ ಮೇಣ ಹಚ್ಚಿ, ಸಾಕು.

ಸೀಟ್ ಕಂಬಿಗೆ ಸುತ್ತಿಗೆ ಎತ್ತಬೇಡಿ. ಬೋಲ್ಟ್ ಪೂರ್ತಿ ತೆಗೆದು, ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನ ಹಳೆಯ ಸೀಟನ್ನೇ ಹಿಡಿದು ಎಡಕ್ಕೂ ಬಲಕ್ಕೂ ತಿರುಚಿರಿ, ಆದರೆ ಮೇಲಕ್ಕೆ ಎಳೆಯಬೇಡಿ. ನನ್ನದು ಒಂಬತ್ತನೇ ದಿನ 'ಟಕ್' ಎಂದಿತು, ಕಂಬಿಯ ಸುತ್ತ ಕಂದು ಪುಡಿ ಉದುರಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ವಾಪಸ್ ಹಾಕುವಾಗ ಗ್ರೀಸ್ ಮರೆಯಬೇಡಿ. ಹಾಂ, ಎಡ ಪೆಡಲ್‌ಗೆ ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು.

ಗೇರ್ ಚಕ್ರ ಕೊಳ್ಳುವ ಮೊದಲು ಹಿಂದಿನ ಫೋರ್ಕಿನ ಒಳ ಅಗಲವನ್ನು ಚಕ್ರ ಕೂರುವ ಜಾಗದಲ್ಲಿ ಅಳೆಯಿರಿ. ಹಳೆಯ ಫ್ರೇಮುಗಳಲ್ಲಿ 120 ಅಥವಾ 126 ಮಿ.ಮೀ. ಇರುವುದುಂಟು, ಈಚಿನ ಅನೇಕ ರೋಡ್ ಸೈಕಲ್ ಹಬ್‌ಗಳಿಗೆ (ಚಕ್ರದ ನಡುವಿನ ಗುಂಬಕ್ಕೆ) 130 ಬೇಕು. ಸ್ಟೀಲ್ ಆದ್ದರಿಂದ ನಿಧಾನವಾಗಿ ಅಗಲಿಸಬಹುದು, ಅಲ್ಯೂಮಿನಿಯಂ ಆಗಿದ್ದರೆ ಆ ಮಾತೇ ಇಲ್ಲ. ಅಗಲಿಸಿದ ಮೇಲೆ ಫ್ರೇಮಿನ ಮುಂದೆ ಹ್ಯಾಂಡಲ್ ಕೂರುವ ಕೊಳವೆಯ ಸುತ್ತ ದಾರ ಬಳಸಿ, ಎರಡು ತುದಿಗಳನ್ನೂ ಚಕ್ರ ಕೂರುವ ಕಚ್ಚುಗಳಿಗೆ ಬಿಗಿಯಾಗಿ ಕಟ್ಟಿ. ಸೀಟ್ ಕೊಳವೆಯಿಂದ ದಾರಕ್ಕೆ ಎರಡೂ ಬದಿ ಒಂದೇ ಅಳತೆ ಬಂದರೆ ಚಕ್ರ ನೆಟ್ಟಗೆ ಕೂರುತ್ತದೆ.