ನಿಮ್ಮ ಅಪ್ಪ ಮರೆತಿಲ್ಲ, ಅವರಿಗೆ ಬೇಡವಾಗಿದೆ

ಬೆಂಗಳೂರಿನಲ್ಲಿ ಕೆಲಸ ಮಾಡುವ, ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಊರಲ್ಲಿರುವ ಅಪ್ಪನಿಗೆ ಕಿವಿ ಮಷಿನ್ ಕೊಡಿಸಿದ್ದಾರೆ. ಅದು ಕಪಾಟಿನಲ್ಲೇ ಇದೆ. ಅಪ್ಪನ ಫೋನಿನಲ್ಲಿ ದಿನಕ್ಕೆ ಮೂರು ಸಲ ಹೊಡೆಯುವ ಹಾಗೆ ರಿಮೈಂಡರ್ ಇಟ್ಟು ಬಂದರೆ, ಅಪ್ಪ ವಾರದೊಳಗೆ ಪಕ್ಕದ ಮನೆ ಹುಡುಗನ ಹತ್ತಿರ ಅದನ್ನು ತೆಗೆಸಿಬಿಟ್ಟರಂತೆ. 'ಆಸ್ಪತ್ರೆಗಳೇ ದಿನಾ ಮೆಸೇಜ್ ಕಳಿಸಿದರೆ ಹಿರಿಯರು ಮಾತು ಕೇಳುತ್ತಾರೆ, ಇದರ ಬಗ್ಗೆ ಪತ್ರಿಕೆಯಲ್ಲಿ ಒತ್ತಾಯಿಸಿ' ಅಂತ ಕೇಳಿದ್ದಾರೆ.

ನಮಸ್ಕಾರ. ಅರ್ಧ ಒಪ್ಪುತ್ತೇನೆ, ಇನ್ನರ್ಧಕ್ಕೆ ಜಗಳ ಇದೆ.

ರಿಮೈಂಡರ್ ಬೇಕಾಗುವುದು ಮರೆತವರಿಗೆ. ನಿಮ್ಮ ಅಪ್ಪ ಮರೆತಿಲ್ಲ ಅಲ್ವಾ? ಮಷಿನ್ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. 'ಹಾಕಿಕೊಂಡರೆ ಪಾತ್ರೆ ಸದ್ದು ತಲೆಗೆ ಹೊಡೀತದೆ, ಮಾತು ಮಾತ್ರ ತಿಳಿಯೋದಿಲ್ಲ' ಅಂತ ಅವರು ಹೇಳಿದ್ದನ್ನು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ಅದಕ್ಕೆ ಉತ್ತರ ಕೊಡದೆ ದಿನಕ್ಕೆ ಮೂರು ಸಲ 'ಹಾಕಿಕೊಳ್ಳಿ' ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತಿತ್ತಲ್ಲ, ಸ್ವಲ್ಪ ದಿನದಲ್ಲೇ ನಾವೆಲ್ಲ ಅದನ್ನು ಹೇಗೆ ದಾಟಿಸುವುದು ಅಂತ ಕಲಿತುಬಿಟ್ಟೆವು.

ಅವರ ದೂರು ಸುಳ್ಳೂ ಅಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ತ, ಕ ಇಂಥವು ಜಾರಿಹೋಗುತ್ತವೆ, ಹೆಂಗಸರ, ಮಕ್ಕಳ ಮಾತು ಗೊಣಗಿದಂತೆ ಕೇಳುತ್ತದೆ. ಮಷಿನ್ ಅದನ್ನು ಎತ್ತಿಕೊಡುತ್ತದೆ ನಿಜ, ಜೊತೆಗೆ ಫ್ಯಾನು, ನಲ್ಲಿ, ಹಂಚಿನ ಮೇಲಿನ ಮಳೆ ಎಲ್ಲವನ್ನೂ ತರುತ್ತದೆ. ವರ್ಷಗಟ್ಟಲೆ ಇವನ್ನು ಕೇಳದ ಮಿದುಳಿಗೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅಂತ ಮತ್ತೆ ರೂಢಿಯಾಗಲು ವಾರಗಳೇ ಬೇಕು. ಮೊದಲ ದಿನವೇ ಮದುವೆ ಮನೆಗೋ ಯಕ್ಷಗಾನದ ಆಟಕ್ಕೋ ಹಾಕಿಕೊಂಡು ಹೋದವರು ಆಮೇಲೆ ಅದನ್ನು ಮುಟ್ಟದೇ ಇದ್ದರೆ ಆಶ್ಚರ್ಯ ಇಲ್ಲ. ಮೊದಲಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬರ ಜೊತೆ, ಒಂದೆರಡು ಗಂಟೆ ಮಾತು. ಆಮೇಲೆ ಹೊತ್ತು ಹೆಚ್ಚಿಸುತ್ತ ಹೋಗಬೇಕು.

ಇನ್ನು ಸೆಲ್ಲಿನ ಕಥೆ. ಅಪ್ಪನ ಮಷಿನಿಗೆ ಬಟಾಣಿಯಂಥ ಪುಟ್ಟ ಸೆಲ್ ಇದೆಯಾ? ಹಿಂದುಗಡೆ ಬಣ್ಣದ ಸ್ಟಿಕರ್ ಇರುತ್ತದೆ, ಅದನ್ನು ಕಿತ್ತಾಗ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ ಸೆಲ್ ಜೀವ ಪಡೆಯುತ್ತದೆ. ಒಮ್ಮೆ ಕಿತ್ತರೆ ಮುಗಿಯಿತು, ಬಳಸಿದರೂ ಬಳಸದಿದ್ದರೂ ಅದು ಖಾಲಿಯಾಗುತ್ತಲೇ ಇರುತ್ತದೆ. ಸ್ಟಿಕರ್ ವಾಪಸ್ ಅಂಟಿಸಿದರೆ ಹೆಚ್ಚೇನೂ ಪ್ರಯೋಜನ ಇಲ್ಲ. ಹಬ್ಬಕ್ಕೆ ಒಮ್ಮೆ ಹಾಕಿ ಕಪಾಟಿಗೆ ಸೇರಿಸಿದ ಮಷಿನನ್ನು ಎರಡು ತಿಂಗಳ ಮೇಲೆ ತೆಗೆದರೆ ಸೆಲ್ ಸತ್ತಿರುತ್ತದೆ, 'ಮಷಿನೇ ಹಾಳಾಗಿದೆ' ಅಂತ ತೀರ್ಮಾನವಾಗುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ತೇವದ ಕಾಟ ಬೇರೆ. ರಾತ್ರಿ ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕು. ಬಚ್ಚಲ ಒಲೆ ಹತ್ತಿರ ಒಣಗಿಸುವ ಸಾಹಸ ಮಾತ್ರ ಬೇಡ.

ಈಗ ಮೆಸೇಜ್ ವಿಚಾರ. ದಿನ ಗೊತ್ತುಮಾಡಿ ಮಾಡಬೇಕಾದ ಕೆಲಸಕ್ಕೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎರಡನೇ ಸಲ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಷಿನ್ ಹೊಂದಿಸುವವರು) ಹತ್ತಿರ ಹೋಗುವ ದಿನ, ಸೆಲ್ ಬದಲಿಸುವ ದಿನ, ಮಷಿನಿನ ತುದಿಯ ಗುಗ್ಗೆ ಒರೆಸುವ ದಿನ. ಆದರೆ ಅದು ಯಾರಿಗೆ ಹೋಗುತ್ತದೆ ಅನ್ನುವುದು ನೋಡಬೇಕು. ಕಿವಿ ಕೇಳದವರ ಫೋನಿಗೆ ರೆಕಾರ್ಡ್ ಮಾಡಿದ ಧ್ವನಿ ಕಳಿಸುವುದು ಯಾವ ಲೆಕ್ಕ? ಇಂಗ್ಲಿಷಿನ ಎಸ್ಸೆಮ್ಮೆಸ್ಸೂ ಅಷ್ಟೇ. ಹಳ್ಳಿ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಸಂಜೆಯ ಸಂದೇಶ ಮರುದಿನ ಮಧ್ಯಾಹ್ನ ಬಂದು ಕೂರುತ್ತದೆ. ಹಾಗಾಗಿ ಆಸ್ಪತ್ರೆಯವರು ಕನ್ನಡದಲ್ಲಿ ಬರೆದು, ಜೊತೆಯಲ್ಲಿರುವ ಸೊಸೆಗೋ ಮೊಮ್ಮಗನಿಗೋ ಎರಡು ದಿನ ಮೊದಲೇ ಕಳಿಸಲಿ. 'ಯಾವ ಸದ್ದು ಕಿರಿಕಿರಿ ಮಾಡುತ್ತದೆ, ಬರೆದುಕೊಂಡು ಬನ್ನಿ' ಅಂತ ಅದರಲ್ಲಿ ಕೇಳಲಿ. 'ಮಷಿನ್ ಧರಿಸಿ, ಸುಖವಾಗಿರಿ' ಅನ್ನುವುದಕ್ಕಿಂತ ಈ ಪ್ರಶ್ನೆಯಿಂದ ಹೆಚ್ಚು ಕೆಲಸ ಆಗುತ್ತದೆ, ಯಾಕೆಂದರೆ ಆ ಪಟ್ಟಿ ಹಿಡಿದೇ ಆಡಿಯಾಲಜಿಸ್ಟ್ ಮಷಿನನ್ನು ಮತ್ತೆ ಹೊಂದಿಸುವುದು. ಅಂದಹಾಗೆ, ಈಗಿನ ಎಷ್ಟೋ ಡಿಜಿಟಲ್ ಮಷಿನ್‌ಗಳು ದಿನಕ್ಕೆ ಎಷ್ಟು ಗಂಟೆ ಹಾಕಿದ್ದಾರೆ ಅಂತ ತಾವೇ ಲೆಕ್ಕ ಇಡುತ್ತವೆ. 'ದಿನಾ ಹಾಕ್ತೇನೆ ಡಾಕ್ಟ್ರೇ' ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಆಸ್ಪತ್ರೆಗಳನ್ನು ಒತ್ತಾಯಿಸುವುದಾದರೆ ಇದಕ್ಕೇ ಒತ್ತಾಯಿಸೋಣ. ಪ್ರಯೋಜನ ಆಗಬಹುದಾದವರಲ್ಲಿ ಮಷಿನ್ ಬಳಸುವವರು ಜಗತ್ತಿನಲ್ಲಿ ಸುಮಾರು ಶೇಕಡಾ 17 ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ಬೆಲೆ, ದೂರ, ನಾಚಿಕೆ ಎಲ್ಲವೂ ಅದರ ಹಿಂದಿವೆ. ಬಡ ಹಿರಿಯರಿಗೆ 2017ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಮಷಿನ್ ಉಚಿತ. ಆದರೆ ಶಿಬಿರದಲ್ಲಿ ಕೈಗೆ ಕೊಟ್ಟಲ್ಲಿಗೆ ಮುಗಿಯುವ ವಸ್ತು ಇದಲ್ಲ. ಎರಡನೇ, ಮೂರನೇ ಭೇಟಿಗೆ ಕರೆಯುವವರು ಬೇಕು. ಮೆಸೇಜಿನ ಜಾಗ ಅದು.

ನಿಮ್ಮ ಅಪ್ಪನ ಮಟ್ಟಿಗೆ, ಆ ಅಲಾರಂ ಮತ್ತೆ ಇಡಬೇಡಿ. ಮುಂದಿನ ಸಲ ಊರಿಗೆ ಹೋದಾಗ ಹೊಸ ಸೆಲ್ ಹಾಕಿ, ಸಂಜೆ ಚಾ ಹೊತ್ತಿಗೆ ಟೀವಿ ಆರಿಸಿ ಎದುರು ಕುಳಿತು ಮಾತಾಡಿ. ಕೂಗಬೇಡಿ, ಸ್ವಲ್ಪ ನಿಧಾನ ಸಾಕು. ಆಮೇಲೂ ಮಾತು ತಿಳಿಯದಿದ್ದರೆ ಮಷಿನನ್ನು ಮತ್ತೆ ಹೊಂದಿಸಲೇಬೇಕು. ಶಿರಸಿಯಲ್ಲಿ ಯಾವ ದಿನ ಆಡಿಯಾಲಜಿಸ್ಟ್ ಸಿಗುತ್ತಾರೆ ಅಂತ ಮೊದಲು ವಿಚಾರಿಸಿ. ಕಾರವಾರಕ್ಕೇ ಹೋಗಬೇಕಾಗಿ ಬಂದರೆ ಮಳೆ ಹಿಡಿಯುವ ಮೊದಲೇ ಹೋಗಿಬನ್ನಿ. ಜೂನ್ ದಾಟಿದ ಮೇಲೆ ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ ರಸ್ತೆಯನ್ನು ನಂಬುವ ಹಾಗಿಲ್ಲ.

- ಸಂ.