ಟೈಲ್ಸ್ ಆಮೇಲೆ, ಮೊದಲು ಬಿಪಿ ನೋಡಿ

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 76 ವರ್ಷ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅಣ್ಣನ ಜೊತೆ ಇದ್ದಾರೆ. ಈ ಮಳೆಗಾಲದಲ್ಲಿ ಎರಡು ಸಲ ಬಿದ್ದರು. ಎರಡು ಸಲವೂ ಬೆಳಗಿನ ಜಾವ ಬಚ್ಚಲಿಗೆಂದು ಎದ್ದು, ಮಂಚದಿಂದ ನಾಲ್ಕು ಹೆಜ್ಜೆ ಇಡುವಷ್ಟರಲ್ಲೇ. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುತ್ತಾರೆ. ಕೆಂಪು ಗಾರೆ ನೆಲ ಒಡೆಸಿ ಜಾರದ ಟೈಲ್ಸ್ ಹಾಕಿಸೋಣ ಅಂತಾನೆ ಅಣ್ಣ. ಕೋಲು ತಂದುಕೊಟ್ಟರೆ ಅಮ್ಮ ಮೂಲೆಗಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಟೈಲ್ಸಿನವರಿಗೆ ಸ್ವಲ್ಪ ತಡೆಯಲು ಹೇಳಿ. ಹಗಲೆಲ್ಲ ಅದೇ ನೆಲದ ಮೇಲೆ ಓಡಾಡಿಕೊಂಡಿರುವವರು ಹಾಸಿಗೆಯಿಂದ ಎದ್ದ ಕೂಡಲೇ ಬೀಳುತ್ತಾರೆಂದರೆ ನನಗೆ ಮೊದಲ ಅನುಮಾನ ಬಿಪಿಯ ಮೇಲೆ. ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ವಯಸ್ಸಾದ ಮೇಲೆ ರಕ್ತನಾಳಗಳು ತಕ್ಷಣ ಬಿಗಿದುಕೊಳ್ಳುವುದಿಲ್ಲ, ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ ಇದನ್ನು ಹೆಚ್ಚಿಸಬಹುದು. ನಿದ್ದೆ ಮಾತ್ರೆಯ ಮಂಪರು ಬೇರೆ.

ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷ ಆದಾಗ ಒಮ್ಮೆ, ಮೂರು ನಿಮಿಷ ಆದಾಗ ಒಮ್ಮೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟುಕೊಂಡು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ (ಆಯುರ್ವೇದದ್ದೂ ಸೇರಿ) ಅವರ ವೈದ್ಯರ ಮುಂದಿಡಿ. ಇಳಿಯದಿದ್ದರೂ ನಿದ್ದೆ ಮಾತ್ರೆ ಇನ್ನೂ ಬೇಕೇ ಎಂದು ಕೇಳಲೇಬೇಕು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ರಾತ್ರಿ ಮೂತ್ರಕ್ಕೆ ಏಳುವುದು ಈಚೆಗೆ ಹೆಚ್ಚಾಗಿದ್ದರೆ ಸಕ್ಕರೆ, ಮೂತ್ರ ಪರೀಕ್ಷೆಯೂ ಆಗಲಿ.

ಇವತ್ತಿನಿಂದಲೇ ಮಾಡಬಹುದಾದದ್ದೊಂದಿದೆ. ಎಚ್ಚರವಾದ ಮೇಲೆ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಲಿ, ಪಾದ ಮೇಲೆ ಕೆಳಗೆ ಆಡಿಸಲಿ, ಆಮೇಲೆ ಏಳಲಿ. ಮಳೆಗಾಲದಲ್ಲಿ ನಿಮ್ಮೂರಿನ ಕರೆಂಟನ್ನು ನಂಬುವ ಹಾಗಿಲ್ಲ. ಕೈಗೆಟಕುವಂತೆ ಚಾರ್ಜ್ ಲೈಟ್ ಇಡಿ.

ಹಂಡೆಯ ಬಿಸಿನೀರು ಮಿಂದು ತಗ್ಗು ಮಣೆಯಿಂದ ಏಳುವಾಗಲೂ ಇದೇ ಕತೆ, ಬಿಸಿಗೆ ರಕ್ತನಾಳ ಹಿಗ್ಗಿರುತ್ತದೆ. ಮಣೆಯ ಬದಲು ಅಲುಗಾಡದ ಕುರ್ಚಿ ಹಾಕಿ. ಗೋಡೆಗೆ ಹಿಡಿಯಲು ಸ್ಟೀಲ್ ಕಂಬಿ ಬೇಕು. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ. ಹಳೇ ಮನೆ ಅಂದಿರಿ. ಮಣ್ಣಿನ ಗೋಡೆಯಾದರೆ ಮೇಸ್ತ್ರಿಯನ್ನು ಕೇಳದೆ ಸ್ಕ್ರೂ ಹೊಡೆಸಬೇಡಿ, ಕಿತ್ತು ಬರುತ್ತದೆ. ಅಣ್ಣನಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಅಂಗಳದ ಪಾಚಿ ಉಜ್ಜಿಸಲಿ!

ಕೋಲಿನ ವಿಷಯದಲ್ಲಿ ಸದ್ಯಕ್ಕೆ ನಾನು ಅಮ್ಮನ ಪಕ್ಷ. ನಡಿಗೆಯನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಲಿ. ಬೇಕೆಂದರೆ ಹಿಡಿಕೆ ಮಣಿಕಟ್ಟಿನ ಎತ್ತರಕ್ಕಿರುವ ಕೋಲು ತನ್ನಿ.

ಮತ್ತೆ ಬಿದ್ದರೆ ರಟ್ಟೆ ಹಿಡಿದು ಎಳೆದು ಎಬ್ಬಿಸಬೇಡಿ. ತೊಡೆಸಂದಿಯಲ್ಲಿ ನೋವಿದ್ದು ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದ್ದರೆ ಅಲ್ಲೇ ಮಲಗಿಸಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆಯೂ ಇದ್ದು ತಲೆಗೆ ಪೆಟ್ಟಾದರೆ, ಅಮ್ಮ 'ಏನೂ ಆಗಿಲ್ಲ' ಅಂದರೂ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.